‘ಅದು ಬೇರೆ ವಿಷಯ’ ಅಂದಿರಲ್ಲ!

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಓದುತ್ತಾ ಕುಳಿತು ಎರಡು ಸಲ ಚಹಾ ತಣ್ಣಗಾಗಿಸಿಕೊಂಡೆ. ಬೆಳಗಾವಿಯ ಅನಗೋಳದಿಂದ ಬಂದಿದ್ದು. ಅಕ್ಷರ ಮುತ್ತಿನಂತಿದೆ, ಲೆಕ್ಕ ಅಚ್ಚುಕಟ್ಟಾಗಿದೆ, ಕೋಷ್ಟಕವನ್ನೂ ಹಾಕಿದ್ದಾರೆ. ಓದಿ ಮುಗಿಸಿದಾಗ ಮರುಕಕ್ಕಿಂತ ಸಿಟ್ಟೇ ಜಾಸ್ತಿ ಬಂತು. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

ಬರೆದವರಿಗೆ 39 ವರ್ಷ. ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, 11 ವರ್ಷದಿಂದ ಪ್ಯಾಟರ್ನ್ (ಎರಕದ ಅಚ್ಚಿಗೆ ಬೇಕಾದ ಮಾದರಿ) ಮಾಡುವ ಕೆಲಸ. ಪಗಾರ ಕೈಗೆ 26 ಸಾವಿರ. ಹೋದ ದಸರಾದಿಂದ ಓವರ್‌ಟೈಮ್ ನಿಂತಿದೆ. ಮಗ ಎಂಟನೆಯ ಇಯತ್ತೆ, ಮಗಳು ನಾಲ್ಕನೆಯದು, ಇಬ್ಬರೂ ಕನ್ನಡ ಸಾಲಿ. ಅಪ್ಪ ಕಟ್ಟಿಸಿದ ಮನೆಯ ಹಿಂದಿನ ಎರಡು ಖೋಲಿಯಲ್ಲಿ ಇವರಿದ್ದಾರೆ. ಮುಂದಿನ ಭಾಗದಲ್ಲಿ ಅಣ್ಣ, ವೈನಿ ಮತ್ತು ಅವ್ವ. ಈಗ ನಾಲ್ಕು ಊರಿನಿಂದ ಕರೆ ಬಂದಿದೆ. ಕೊಲ್ಹಾಪುರದವರು 31 ಸಾವಿರ ಅಂದಿದ್ದಾರೆ, ಪುಣೆಯ ಚಾಕಣದವರು 38, ಕೊಯಮತ್ತೂರಿನವರು 40, ರಾಜಕೋಟದವರು 42. ಕರ್ನಾಟಕ ಬಿಡಲೋ ಬೇಡವೋ, ಬಿಟ್ಟರೆ ಯಾವ ಊರು? ಇಷ್ಟು ಅವರ ಪ್ರಶ್ನೆ.

ಊರುಗಳ ಪಟ್ಟಿ ನೋಡಿ ಖುಷಿಯೇ ಆಯಿತು. ಎರಕದ ಕೆಲಸ ಗೊತ್ತಿದ್ದವರು ಬೆಳಗಾವಿ ಬಿಟ್ಟರೆ ಹೋಗುವ ಊರುಗಳೇ ಇವು. ಸುಮ್ನೆ ಯಾರೋ ಹೇಳಿದರು ಅಂತ ಬರೆದ ಪಟ್ಟಿ ಅಲ್ಲ. ನಿಮಗೆ ಕಸುಬು ಗೊತ್ತು, ಕಸುಬಿನ ಊರುಗಳೂ ಗೊತ್ತು.

ಆದರೆ ಮೂರನೇ ಪುಟದ ಕೊನೆಗೆ, ಜಾಗ ಸಾಲದೆ ಅಂಚಿನಲ್ಲಿ ಅಡ್ಡ ಬರೆದಿರಲ್ಲ, ಆ ಸಾಲು ನೋಡಿ. ‘ಯುಗಾದಿ ದಿನ ಅಣ್ಣ ಮಾಳಿಗೆ ಬಾಗಿಲಿಗೆ ಕೀಲಿ ಹಾಕಿದ. ಅವತ್ತಿನಿಂದ ಅವನ ಜೊತೆ ಮಾತಿಲ್ಲ. ಅದು ಬೇರೆ ವಿಷಯ.’

ಹೌದಾ? ಬೇರೆ ವಿಷಯವಾ?

ನಿಮ್ಮ ಪತ್ರದಲ್ಲಿರುವ ತಾರೀಖುಗಳನ್ನೇ ಒಂದರ ಕೆಳಗೆ ಒಂದು ಬರೆದುಕೊಂಡೆ. ಓವರ್‌ಟೈಮ್ ನಿಂತಿದ್ದು ದಸರಾಕ್ಕೆ. ಆಗ ನೀವು ಯಾವ ಊರನ್ನೂ ಹುಡುಕಲಿಲ್ಲ. ದೀಪಾವಳಿ ಬಂತು, ಸಂಕ್ರಾಂತಿ ಬಂತು, ಖರ್ಚು ಬಿಗಿಯಾಯಿತು, ಆಗಲೂ ಇಲ್ಲ. ಯುಗಾದಿಗೆ ಕೀಲಿ ಬಿತ್ತು. ಯುಗಾದಿಯಾದ ಹತ್ತನೇ ದಿನಕ್ಕೆ ರಾಜಕೋಟಕ್ಕೆ ಬಯೋಡೇಟಾ ಹೋಗಿದೆ! ನಾಲ್ಕರಲ್ಲಿ ಎಲ್ಲಕ್ಕಿಂತ ದೂರದ ಊರಿಗೆ ಮೊದಲು. ಪಗಾರ ಸಾಲದವರು ಹತ್ತಿರದ ಊರಿನಿಂದ ಹುಡುಕಲು ಶುರು ಮಾಡುತ್ತಾರೆ. ಮನಸ್ಸು ನೊಂದವರು ದೂರದ ಊರಿನಿಂದ.

ಮಾಳಿಗೆಗೆ ಕೀಲಿ ಯಾಕೆ ಬಿತ್ತು ಅನ್ನೋದೂ ನಿಮ್ಮ ಪತ್ರದಲ್ಲೇ ಇದೆ, ಇನ್ನೊಂದು ಪುಟದಲ್ಲಿ. ‘ಮನೆಯಾಕಿ ಏನೋ ಕಡಕ್ ರೊಟ್ಟಿ ಮಾಡಿ ಎರಡು ಖಾನಾವಳಿಗೆ ಕೊಡುತ್ತಾಳೆ, ತಿಂಗಳಿಗೆ ಒಂಬತ್ತು ಸಾವಿರ ಉಳಿಯುತ್ತದೆ.’ ಆ ರೊಟ್ಟಿ ಆರಿಸುವುದು ಮಾಳಿಗೆಯ ಮೇಲೆ. ಕಾಗೆ ಬರುತ್ತವೆ, ಹಿಟ್ಟು ಉದುರುತ್ತದೆ ಅಂತ ವೈನಿಯ ತಕರಾರು. ಅಣ್ಣ ಕೀಲಿ ತಂದ.

‘ಏನೋ’ ಅನ್ನುವ ಆ ಒಂದು ಮಾತಿಗೆ ನಿಮ್ಮನ್ನು ನಿಲ್ಲಿಸಿ ಕೇಳಬೇಕು ಅನಿಸಿತು. ದಿನಕ್ಕೆ 120 ರೊಟ್ಟಿ ಅಂತ ನೀವೇ ಬರೆದಿದ್ದೀರಿ. ನಾನು ಒಂದೊಪ್ಪತ್ತಿಗೆ ಹದಿನೈದು ಬಡಿದರೆ ಭುಜ ಹಿಡಿಯುತ್ತದೆ. ಎಸರು ಕಾಯಿಸಬೇಕು, ಹಿಟ್ಟು ಬಿಸಿ ಇರುವಾಗಲೇ ನಾದಬೇಕು, ಅಂಚು ಸೀಳದ ಹಾಗೆ ಬಡಿಯಬೇಕು, ಹಂಚಿಗೆ ಹಾಕಿ ಮೇಲೆ ನೀರು ಸವರಿ ಮಗುಚಬೇಕು, ಸುಡಬೇಕು. ಆಮೇಲೆ ಬಟ್ಟೆ ಹಾಸಿ ಒಂದರ ಮೇಲೊಂದು ಬೀಳದ ಹಾಗೆ ಹರವಬೇಕು. ಆರದ ರೊಟ್ಟಿಯನ್ನು ಒಟ್ಟಿದರೆ ಮೂರು ದಿನಕ್ಕೆ ಬೂಸ್ಟು. ಆ ಮಾಳಿಗೆ ಆಕೆಯ ಕಾರ್ಖಾನೆ. ನಿಮ್ಮ ಫೌಂಡ್ರಿಯ ಗೇಟಿಗೆ ಯಾರಾದರೂ ಕೀಲಿ ಹಾಕಿದ್ದರೆ ‘ಅದು ಬೇರೆ ವಿಷಯ’ ಅಂತ ಅಂಚಿನಲ್ಲಿ ಬರೆಯುತ್ತಿದ್ದಿರಾ?

ಈಗ ನಿಮ್ಮ ಕೋಷ್ಟಕಕ್ಕೆ ಬರೋಣ. ಈ ಅಂಕಣ ಓದುವವರಿಗೆ ನನ್ನ ಹಳೇ ಹಟ ಗೊತ್ತು. ಪಗಾರ ಎಷ್ಟು ಅಂತ ಕೇಳಬೇಡಿ, ತಿಂಗಳ ಕೊನೆಗೆ ಡಬ್ಬಿಯಲ್ಲಿ ಎಷ್ಟು ಅಂತ ಕೇಳಿ. ಈಗ ನಿಮ್ಮ 26, ಆಕೆಯ 9, ಒಟ್ಟು 35 ಸಾವಿರ. ಬಾಡಿಗೆ ಇಲ್ಲ. ಪುಣೆಯಲ್ಲಿ 38. ಬಾಡಿಗೆ ‘ರಿಯಾಯಿತಿ ಮಾಡಿ’ 11 ಅಂತ ಮನೆ ಕೊಡುವವರು ಅಂದಿದ್ದಾರಂತೆ. ರೊಟ್ಟಿಯ ದುಡ್ಡು ಇಲ್ಲ. ಉಳಿಯುವುದು 27. ಜೋಳ ಅಲ್ಲೂ ಸಿಗುತ್ತದೆ, ಭಾಕರಿ ತಿನ್ನುವವರೂ ಇದ್ದಾರೆ. ಆದರೆ ನಂಬುವ ಗಿರಾಕಿ ಟ್ರಕ್ಕಿನಲ್ಲಿ ಹಾಕಿಕೊಂಡು ಹೋಗುವ ಸಾಮಾನಲ್ಲ. ಅಂದರೆ ಸುಮಾರು 340 ಕಿಲೋಮೀಟರ್ ಹೋಗಿ ತಿಂಗಳಿಗೆ ಎಂಟು ಸಾವಿರ ಕಳೆದುಕೊಳ್ಳುವ ಯೋಜನೆ ಇದು.

ನೀವು ಪ್ಯಾಟರ್ನ್ ಮಾಡುವವರು. ಕರಗಿಸಿ ಹೊಯ್ದ ಬೀಡುಕಬ್ಬಿಣ ಆರುವಾಗ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ ಅಂತ ಮೊದಲೇ ಪ್ಯಾಟರ್ನನ್ನು ಅಷ್ಟು ದೊಡ್ಡದು ಮಾಡುತ್ತೀರಿ. ಒಂದು ಮೀಟರಿಗೆ ಒಂದು ಸೆಂಟಿಮೀಟರ್ ಬಿಡುವ ಕೈ ನಿಮ್ಮದು. 38 ಸಾವಿರ ಅನ್ನುವ ಅಂಕಿ ಆರಿದ ಮೇಲೆ ಎಷ್ಟಾಗುತ್ತದೆ ಅಂತ ಮಾತ್ರ ಅಳೆಯಲಿಲ್ಲ!

ಯಾಕೆ ಅಳೆಯಲಿಲ್ಲ ಅಂದರೆ, ಅಳೆಯಲು ಬಿಡದವರೊಬ್ಬರು ಇದ್ದಾರೆ. ನನ್ನ ಸಿಟ್ಟು ಇರುವುದು ಅವರ ಮೇಲೆ. ಅಣ್ಣನ ಮೇಲೆ ಅಲ್ಲ. ವೈನಿಯ ಮೇಲೂ ಅಷ್ಟಿಲ್ಲ, ಕಾಗೆ ನಿಜವಾಗಿಯೂ ಬರುತ್ತವೆ. ಪುಣೆಯ ಭೋಸರಿಯಲ್ಲಿರುವ ನಿಮ್ಮ ಅಕ್ಕನ ಗಂಡ, ನಿಮ್ಮ ಮಾಮಾ. ಪತ್ರದಲ್ಲಿ ಅವರ ಮಾತು ಐದು ಕಡೆ ಬರುತ್ತದೆ. ‘ಮಾಮಾ ಹೇಳಿದರು, ಬೆಳಗಾವಿಯಲ್ಲಿ ಏನಿದೆ ಅಂತ.’ ‘ಮಾಮಾ ಹೇಳಿದರು, ಅಣ್ಣನ ಕೈಕೆಳಗೆ ಎಷ್ಟು ದಿನ ಅಂತ.’ ಕೊನೆಗೆ, ‘ಮಾಮಾನ ಮೇಲಿನ ಮನೆ ದೀಪಾವಳಿಯಿಂದ ಖಾಲಿ ಇದೆ, ಅದನ್ನೇ ಕೊಡುತ್ತಾರಂತೆ.’ ಸಿಕ್ಕಿತಲ್ಲ! ಬಾಡಿಗೆದಾರ ಸಿಗದ ಮನೆ ಅವರದು, ಸಿಟ್ಟು ನಿಮ್ಮದು. ಎರಡನ್ನೂ ಕೂಡಿಸಿ ಸಂಸಾರ ಕಟ್ಟಿಕೊಡಲು ಹೊರಟಿದ್ದಾರೆ. ಅಣ್ಣತಮ್ಮಂದಿರ ನಡುವೆ ಮಾತು ಮುರಿದಾಗ ಫೋನಿನಲ್ಲಿ ಸಮಾಧಾನ ಹೇಳುವ ಪಾವಣೆಯರನ್ನು ನಾನು ಇಪ್ಪತ್ತು ವರ್ಷದಿಂದ ಈ ಅಂಕಣದಲ್ಲಿ ನೋಡುತ್ತಿದ್ದೇನೆ. ಒಬ್ಬರಾದರೂ ಬಸ್ಸು ಹತ್ತಿ ಬಂದು ಇಬ್ಬರನ್ನೂ ಒಂದು ಚಾಪೆಯ ಮೇಲೆ ಕೂರಿಸಿದ್ದು ಕಾಣೆ.

ನಾನೂ ಹೀಗೆ ಒಮ್ಮೆ ಊರು ಬಿಟ್ಟವಳು. ನಾದಿನಿ ಜೊತೆ ಹಿತ್ತಲಿನ ಒಗೆಯುವ ಕಲ್ಲಿಗಾಗಿ ಜಗಳ. ಯಜಮಾನರಿಗೆ ದುಂಬಾಲು ಬಿದ್ದು ಸಾಂಗ್ಲಿಗೆ ಬಿಡಾರ ಕಿತ್ತೆವು. ಅರಿಶಿನದ ಪೇಟೆಯ ಹತ್ತಿರ ಬಾಡಿಗೆ ಮನೆ, ಗಾಳಿ ಬೀಸಿದರೆ ಮನೆಯೆಲ್ಲ ಅರಿಶಿನದ ವಾಸನೆ. ಅಲ್ಲಿ ಒಬ್ಬಳೇ ಒಗ್ಗರಣೆ ಹಾಕುತ್ತಾ ನಾದಿನಿಗೆ ಉತ್ತರ ಕೊಡುತ್ತಿದ್ದೆ, ಗಟ್ಟಿಯಾಗಿ. ಪಕ್ಕದ ಮನೆಯ ಕಾಕೂ ಒಂದು ದಿನ ಒಳಗೆ ಇಣುಕಿ, ಪಾವಣೆಯರು ಬಂದಿದ್ದಾರಾ ಅಂತ ಮರಾಠಿಯಲ್ಲಿ ಕೇಳಿದಳು. ಎರಡು ವರ್ಷಕ್ಕೆ ವಾಪಸ್ ಬಂದೆವು. ಒಗೆಯುವ ಕಲ್ಲು ಅಲ್ಲೇ ಇತ್ತು, ನಾದಿನಿ ಮದುವೆಯಾಗಿ ಹೋಗಿದ್ದಳು.

ಊರುಗಳ ಬಗ್ಗೆ ನೀವು ಕೇಳಿದ್ದೀರಿ, ಹೇಳದೆ ಬಿಡುವುದಿಲ್ಲ. ರಾಜಕೋಟ ಡೀಸೆಲ್ ಎಂಜಿನ್ನಿನ ಊರು, ಕೆಲಸಕ್ಕೆ ಬರವಿಲ್ಲ. ಆದರೆ ಅವ್ವನಿಗೆ ರಾತ್ರಿ ಎದೆನೋವು ಬಂದರೆ ನೀವು ಬಂದು ಮುಟ್ಟುವುದು ಯಾವಾಗ? ಗುಜರಾತಿನಲ್ಲಿ ಮದ್ಯ ನಿಷೇಧ ಇದೆ ಅನ್ನೋದು ನಿಮಗೆ ಲಾಭವೋ ನಷ್ಟವೋ ಪತ್ರದಿಂದ ತಿಳಿಯಲಿಲ್ಲ. ಕೊಯಮತ್ತೂರು ಪಂಪಿನ ಊರು, ಹವಾ ಚಲೋ. ಅಲ್ಲಿ ಹತ್ತನೆಯ ತರಗತಿವರೆಗೆ ತಮಿಳು ಕಡ್ಡಾಯ ಮಾಡಿ 2006ರಲ್ಲೇ ಕಾನೂನು ಬಂದಿದೆ. ಎಂಟನೆಯ ಇಯತ್ತೆಯ ಹುಡುಗನನ್ನು ಅಲ್ಲಿಗೆ ಒಯ್ಯುವುದು ಬೇಡ. ಮಹಾರಾಷ್ಟ್ರವೂ 2020ರಲ್ಲಿ ಮರಾಠಿ ಕಡ್ಡಾಯ ಮಾಡಿದೆ. ಬೆಳಗಾವಿ ಮಕ್ಕಳಿಗೆ ಮರಾಠಿ ಮಾತು ಬರುತ್ತದೆ ಸರಿ, ಪರೀಕ್ಷೆಯಲ್ಲಿ ಬರೆಯುವುದು ಬೇರೆ.

ಮಗನ ವಿಷಯ ಇನ್ನೊಂದಿದೆ. ಕರ್ನಾಟಕದ ಸಿಇಟಿಯಲ್ಲಿ, ಅಂದರೆ ಇಂಜಿನಿಯರಿಂಗ್ ಮುಂತಾದವುಗಳ ಪ್ರವೇಶ ಪರೀಕ್ಷೆಯಲ್ಲಿ, ಸೀಟು ಬೇಕಾದರೆ ಮುಖ್ಯ ನಿಯಮ ಏನು ಗೊತ್ತಾ? ಒಂದನೆಯದರಿಂದ ಪಿಯು ಎರಡನೆಯ ವರ್ಷದ ಒಳಗೆ ಏಳು ವರ್ಷ ಇಲ್ಲೇ ಓದಿರಬೇಕು, ಹತ್ತನೆಯದನ್ನೋ ಪಿಯು ಎರಡನೆಯದನ್ನೋ ಇಲ್ಲೇ ಪಾಸು ಮಾಡಿರಬೇಕು. ಹುಡುಗನ ಏಳು ವರ್ಷ ಆಗಿದೆ. ಹತ್ತನೆಯದು ಮುಗಿಯುವ ತನಕ ತಡೆದರೆ ಎಸ್ಸೆಸ್ಸೆಲ್ಸಿಯೂ ಕೈಸೇರುತ್ತದೆ. ನಿಮ್ಮ ಕೋಷ್ಟಕದಲ್ಲಿ ಶಾಲೆಯ ಫೀ ಇದೆ, ಇದು ಇಲ್ಲ.

ಹೋಗಲೇಬೇಕು ಅಂದರೆ ಕೊಲ್ಹಾಪುರ. ಅಲ್ಲಿಯ ಕಾರ್ಖಾನೆಗಳಿರುವ ಶಿರೋಲಿಯೋ ಗೋಕುಳ ಶಿರಗಾವಿಯೋ, ನೂರಾಹತ್ತು ಕಿಲೋಮೀಟರ್ ಸುಮಾರು. ನಿಪ್ಪಾಣಿ ದಾಟಿದರೆ ಬಂತು. ಗಡಿ ಗಲಾಟೆ ಎದ್ದಾಗ ನಾಲ್ಕು ದಿನ ಬಸ್ ನಿಲ್ಲುತ್ತದೆ, ಅದು ನಮಗೆ ಹೊಸದಲ್ಲ. ನೀವೊಬ್ಬರೇ ಖೋಲಿ ಹಿಡಿದು ವಾರಕ್ಕೊಮ್ಮೆ ಮನೆಗೆ ಬರಬಹುದು, ರೊಟ್ಟಿ ನಿಲ್ಲುವುದಿಲ್ಲ, ಮಕ್ಕಳ ಸಾಲಿ ಬದಲಾಗುವುದಿಲ್ಲ. ಐದು ಸಾವಿರ ಜಾಸ್ತಿ ಪಗಾರದಲ್ಲಿ ಖೋಲಿ ಬಾಡಿಗೆ, ಊಟ ಕಳೆದು ಏನು ಉಳಿಯುತ್ತದೆ ಅಂತ ಮಾತ್ರ ನನ್ನನ್ನು ಕೇಳಬೇಡಿ.

ಎಲ್ಲಿಗೇ ಹೋಗಿ, 11 ವರ್ಷದ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು, ಕೇಳದೆ ಗೇಟು ದಾಟಬೇಡಿ. ಮೂಲ ಪಗಾರ ಮತ್ತು ತುಟ್ಟಿಭತ್ಯೆ (ಡಿಎ) ಕೂಡಿ 18 ಸಾವಿರ ಅಂತ ಬರೆದಿದ್ದೀರಿ. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, 11ರಿಂದ ಗುಣಿಸಿದರೆ 1 ಲಕ್ಷ 14 ಸಾವಿರ ಆಗುತ್ತದೆ. ನಿಮ್ಮ ಪತ್ರದಲ್ಲಿ ಈ ದುಡ್ಡಿನ ಸುದ್ದಿಯೇ ಇಲ್ಲ. ಪಿಎಫ್ ಮಾತ್ರ ತೆಗೆಯಬೇಡಿ, ನಿಮ್ಮ ಪಿಎಫ್‌ನ ಅದೇ ಯುಎಎನ್ ನಂಬರಿಗೆ ಮುಂದುವರಿಸಿ.

ಇನ್ನು ಮನೆ. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ್ದು, ಮೃತ್ಯುಪತ್ರ (ಉಯಿಲು) ಬರೆದಿಲ್ಲ, ಆಸ್ತಿಯ ದಾಖಲೆಯಾದ ಸಿಟಿ ಸರ್ವೆ ಉತಾರ ಇನ್ನೂ ಅಪ್ಪನ ಹೆಸರಲ್ಲೇ ಇದೆ ಅಂತ ಬರೆದಿದ್ದೀರಿ. ಹಾಗಿದ್ದರೆ ಅವ್ವ, ಅಣ್ಣ, ಅಕ್ಕ, ನೀವು, ನಾಲ್ಕು ಜನಕ್ಕೂ ಸಮಪಾಲು. ಅಕ್ಕನಿಗೂ ಅಂದೆ, ಓದಿಕೊಂಡಿರಾ? ಮಾಮಾ ಫೋನಿನಲ್ಲಿ ಇದನ್ನು ಹೇಳಿರಲಿಕ್ಕಿಲ್ಲ. ನನಗೆ ಅನುಮಾನದ ಬುದ್ಧಿ ಅಂತ ಬೈಯಿರಿ, ಪರವಾಗಿಲ್ಲ. ಊರು ಬಿಟ್ಟ ಮಾತ್ರಕ್ಕೆ ನಿಮ್ಮ ಪಾಲು ಹೋಗುವುದಿಲ್ಲ, ಕಾನೂನು ಅಷ್ಟು ಕೆಟ್ಟಿಲ್ಲ. ಆದರೆ ಹಿಂದಿನ ಎರಡು ಖೋಲಿಗೆ ಬೇರೆ ಯಾರೋ ಸಾಮಾನು ತಂದಿಟ್ಟ ಮೇಲೆ ಪುಣೆಯಿಂದ ರಜೆ ಹಾಕಿ ಬಂದು ವಕೀಲರ ಮುಂದೆ ಕೂರುವ ತ್ರಾಸು ನಿಮಗೆ ಗೊತ್ತಿಲ್ಲ. ವಾರಸಾ ಆಗಬೇಕು, ಅಂದರೆ ದಾಖಲೆಗೆ ವಾರಸುದಾರರ ಹೆಸರು ಏರಬೇಕು, ವಾಟಣಿ ಪತ್ರ (ಪಾಲುಪತ್ರ) ನೋಂದಣಿ ಆಗಬೇಕು. ಮಾಳಿಗೆ ಯಾರಿಗೆ, ಮೆಟ್ಟಿಲು ಯಾರಿಗೆ, ನಳ ಯಾರಿಗೆ ಅಂತ ಅದರಲ್ಲಿ ಬರೆಸಬೇಕು. ಇದು ನನ್ನ ಎರಡನೇ ಹಟ. ಪತ್ರ ಆಗದೆ ಯಾರೂ ಬಿಡಾರ ಕೀಳಬಾರದು.

ಆದರೆ ಅದೆಲ್ಲ ಆಮೇಲೆ. ಇವತ್ತು ನಿಮಗೆ ಒಂದೇ ಕೆಲಸ ಹೇಳುತ್ತೇನೆ. ಬರುವ ಐತವಾರ ಮುಂಜಾನೆ, ವೈನಿ ಪೂಜೆಗೆ ಕುಳಿತ ಹೊತ್ತು ನೋಡಿ, ಮುಂಬಾಗಿಲಿಂದ ಅಣ್ಣನ ಮನೆಗೆ ಹೋಗಿ. ಹಿತ್ತಲ ಕಡೆಯಿಂದ ಬೇಡ. ಒಬ್ಬರೇ ಹೋಗಿ. ಹೆಂಡತಿಯನ್ನು ಕರೆದೊಯ್ಯಬೇಡಿ, ಆಕೆ ಇಷ್ಟು ದಿನ ಖೋಲಿಯೊಳಗೆ ಹಗ್ಗ ಕಟ್ಟಿ ರೊಟ್ಟಿ ಆರಿಸಿದ್ದಾಳೆ, ಅಷ್ಟು ಸಾಕು. ಯುಗಾದಿಯ ಮಾತು ತೆಗೆಯಬೇಡಿ, ಪುಣೆ, ರಾಜಕೋಟದ ಸುದ್ದಿ ಹೇಳಿ ಹೆದರಿಸಬೇಡಿ. ‘ಅಣ್ಣಾ, ಮಾಳಿಗೆಯ ಕೀಲಿಕೈ ಕೊಡು, ಹತ್ತರಿಂದ ಎರಡರ ತನಕ ನಮಗೆ ಬೇಕು, ಮೇಲೆ ಬಲೆ ಕಟ್ಟಿಸುತ್ತೇನೆ, ಹಿಟ್ಟು ನಾನೇ ಗುಡಿಸುತ್ತೇನೆ’ ಅನ್ನಿ. ಅಷ್ಟೇ ಅಂದು ನಿಂತುಕೊಳ್ಳಿ. ಅವ್ವ ಅಲ್ಲೇ ಇರುತ್ತಾಳೆ, ಆಕೆ ಇಷ್ಟು ದಿನ ಯಾಕೆ ಸುಮ್ಮನಿದ್ದಳು ಅನ್ನೋದೂ ಅವತ್ತು ತಿಳಿಯುತ್ತದೆ.

ಅಲ್ಲಿಯವರೆಗೆ ನಾಲ್ಕೂ ಊರಿನವರಿಗೆ ಹೂಂ ಅನ್ನಬೇಡಿ. ಕೀಲಿಕೈ ಸಿಕ್ಕರೂ ಬರೆಯಿರಿ, ಸಿಗದಿದ್ದರೂ ಬರೆಯಿರಿ. ಮಾಮಾನ ಮೇಲಿನ ಮನೆಗೆ ಬೇರೆ ಯಾರಾದರೂ ಬಂದಾರು.