ಸಂಬಳ ಎರಡು ಪಟ್ಟಾದರೂ ಖುಷಿ ಇದ್ದಲ್ಲೇ ಇದೆ. ಇನ್ನೂ ದೊಡ್ಡ ಸಂಬಳಕ್ಕೆ ಹೋಗಲೇ, ಊರಿನ ತೋಟಕ್ಕೆ ಹೋಗಲೇ?

ನೀವು ಬರೆದಿರುವುದರ ಸಾರ ಇಷ್ಟು: ವಯಸ್ಸು 37. ಹೆಂಡತಿ, ಆರು ವರ್ಷದ ಮಗಳು. ಐದು ವರ್ಷದ ಹಿಂದೆ ಕೈಗೆ 70,000 ಬರುತ್ತಿತ್ತು, ಬಾಡಿಗೆ 18,000. ಈಗ 1.6 ಲಕ್ಷ ಬರುತ್ತದೆ. ಅದರಲ್ಲಿ ರಾಜರಾಜೇಶ್ವರಿ ನಗರದ ಫ್ಲ್ಯಾಟಿನ ಕಂತು 58,000, ಕಾರಿನ ಕಂತು 16,000, ಶಾಲೆಯ ಶುಲ್ಕ ತಿಂಗಳ ಲೆಕ್ಕದಲ್ಲಿ 12,000. ವೈಟ್‌ಫೀಲ್ಡಿನ ಕಂಪನಿಯೊಂದು 2.2 ಲಕ್ಷ ಕೊಡುತ್ತೇನೆ ಎನ್ನುತ್ತಿದೆ. ಇತ್ತ ತಿಪಟೂರಿನ ಹತ್ತಿರ ಅಪ್ಪನ ಮೂರು ಎಕರೆ ತೆಂಗಿನ ತೋಟ ಇದೆ. "ದುಡ್ಡಿನಿಂದ ಸುಖ ಸಿಗುತ್ತದೋ ಇಲ್ಲವೋ, ನೇರವಾಗಿ ಹೇಳಿ" ಎಂದು ಕೇಳಿದ್ದೀರಿ.

ಸಿಗುತ್ತದೆ. ಆದರೆ ನಿಮಗೆ ಈಗ ಕಮ್ಮಿ ಬಿದ್ದಿರುವುದು ದುಡ್ಡಿನಿಂದ ಸಿಗುವ ಸುಖವೋ, ಬೇರೆಯದೋ ಎನ್ನುವುದನ್ನು ಮೊದಲು ಬಿಡಿಸಿ ನೋಡಬೇಕು.

ದುಡ್ಡಿನ ಭಾಗದಿಂದ ಶುರು ಮಾಡುತ್ತೇನೆ, ಅಲ್ಲಿ ಲೆಕ್ಕ ಸ್ಪಷ್ಟ. ಐದು ವರ್ಷದ ಹಿಂದೆ ಬಾಡಿಗೆ ಕಳೆದು ನಿಮ್ಮ ಕೈಯಲ್ಲಿ ಉಳಿಯುತ್ತಿದ್ದದ್ದು 52,000. ವರ್ಷಕ್ಕೆ 5.5% ಬೆಲೆ ಏರಿಕೆ ಹಿಡಿದರೆ ಅದು ಇವತ್ತಿನ 68,000ಕ್ಕೆ ಸಮ. ಈಗ ಕಂತು, ಶುಲ್ಕ ಎಲ್ಲ ಕಳೆದು ಉಳಿಯುವುದು 74,000. ಸಂಬಳ 129% ಏರಿದೆ, ನಿಮ್ಮ ಇಷ್ಟಕ್ಕೆ ಬಿಟ್ಟ ದುಡ್ಡು ಏರಿದ್ದು ಬರೀ 9%. ಮನೆ ನಿಮ್ಮದಾಗುತ್ತಿದೆ ನಿಜ. ಆದರೆ ತಿಂಗಳ ಐದನೇ ತಾರೀಕು ಖಾತೆಯಿಂದ ಹೋಗುವ ದುಡ್ಡು ದಿನದ ಮನಸ್ಸಿಗೆ ಆಸ್ತಿಯಾಗಿ ಕಾಣುವುದಿಲ್ಲ. ಹಾಗಾಗಿ "ದುಡ್ಡು ಹೆಚ್ಚಾದರೂ ಖುಷಿ ಹೆಚ್ಚಲಿಲ್ಲ" ಎನ್ನುವ ನಿಮ್ಮ ತೀರ್ಮಾನ ಪೂರ್ತಿ ಸರಿಯಲ್ಲ. ನಿಮ್ಮ ಕೈಗೆ ದುಡ್ಡು ಹೆಚ್ಚಾಗಿ ಸಿಕ್ಕೇ ಇಲ್ಲ.

ಇಲ್ಲಿ ತಕ್ಷಣ ಮಾಡಬಹುದಾದದ್ದು ಒಂದಿದೆ. ಬೋನಸ್ ಬಂದಾಗ ಹೆಚ್ಚಿನವರು ಅದನ್ನು ಮನೆ ಸಾಲಕ್ಕೆ ಕಟ್ಟುತ್ತಾರೆ. ನಿಮ್ಮ ಸ್ಥಿತಿಯಲ್ಲಿ ಕಾರಿನ ಸಾಲವನ್ನೇ ಮೊದಲು ಮುಗಿಸಿ. ಮನೆ ಸಾಲಕ್ಕೆ ಎರಡು ಲಕ್ಷ ಕಟ್ಟಿದರೆ ಸಾಮಾನ್ಯವಾಗಿ ಕೊನೆಯ ಕೆಲವು ತಿಂಗಳು ಕಮ್ಮಿಯಾಗುತ್ತವೆ, ಕಂತು ಹಾಗೇ ಇರುತ್ತದೆ. ಕಾರಿನ ಸಾಲ ಮುಗಿದರೆ ಮುಂದಿನ ತಿಂಗಳಿನಿಂದಲೇ 74,000 ಇದ್ದದ್ದು 90,000 ಆಗುತ್ತದೆ. ಅವಧಿಗೆ ಮುಂಚೆ ಮುಗಿಸಿದ್ದಕ್ಕೆ ಶುಲ್ಕ ಹಾಕುತ್ತಾರೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಿ.

ಇನ್ನು ಸಂಶೋಧನೆ ಏನು ಹೇಳುತ್ತದೆ ಎಂಬ ವಿಷಯ. ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಅಮೆರಿಕದ ಸುಮಾರು ನಾಲ್ಕೂವರೆ ಲಕ್ಷ ಉತ್ತರಗಳನ್ನು ಜಾಲಾಡಿ, ದಿನನಿತ್ಯದ ಖುಷಿ ವರ್ಷಕ್ಕೆ 75,000 ಡಾಲರ್ ಆದಾಯದ ಹತ್ತಿರ ನಿಂತುಬಿಡುತ್ತದೆ ಎಂದರು. ಎಲ್ಲರೂ ಉರು ಹೊಡೆದಿರುವುದು ಇದನ್ನೇ. ಇದನ್ನು ರೂಪಾಯಿಗೆ ಗುಣಿಸಿ "ಇಷ್ಟಾದರೆ ಸಾಕು" ಎಂದು ಹೇಳುವ ಪೋಸ್ಟುಗಳನ್ನು ನಂಬಬೇಡಿ. ಅದು ಆ ದೇಶದ, ಆ ಕಾಲದ ಇಡೀ ಮನೆಯ ಆದಾಯದ ಅಂಕಿ. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಎಂಬವರು 33,391 ಜನರಿಗೆ ಫೋನಿನಲ್ಲಿ ಆಗಾಗ "ಈಗ ಹೇಗನ್ನಿಸುತ್ತಿದೆ?" ಎಂದು ಕೇಳಿ, ಖುಷಿ ಅಲ್ಲಿ ನಿಲ್ಲದೆ ಏರುತ್ತಲೇ ಹೋಗುತ್ತದೆ ಎಂದು ತೋರಿಸಿದರು. ಜಗಳ ಬೆಳೆಸುವ ಬದಲು ಕಾನೆಮನ್, ಕಿಲ್ಲಿಂಗ್ಸ್‌ವರ್ತ್ ಇಬ್ಬರೂ ಒಟ್ಟಿಗೆ ಕೂತು, ಬಾರ್ಬರಾ ಮೆಲ್ಲರ್ಸ್ ಅವರನ್ನು ಮಧ್ಯಸ್ಥರಾಗಿ ಇಟ್ಟುಕೊಂಡು, 2023ರಲ್ಲಿ ಉತ್ತರ ಕಂಡುಕೊಂಡರು. ವಿದ್ವಾಂಸರಲ್ಲಿ ಹೀಗೆ ನಡೆದುಕೊಳ್ಳುವವರು ಸಿಗುವುದು ಅಪರೂಪ. ಅವರಿಗೆ ಕಂಡದ್ದು: ಬಹುಪಾಲು ಜನರಿಗೆ ಆದಾಯದ ಜೊತೆ ಖುಷಿಯೂ ಏರುತ್ತದೆ, ಆದರೆ ಎಲ್ಲರಿಗಿಂತ ಕಮ್ಮಿ ಖುಷಿಯಲ್ಲಿರುವ 15-20% ಜನರಿಗೆ ಸುಮಾರು ಒಂದು ಲಕ್ಷ ಡಾಲರಿನ ತನಕ ದುಃಖ ಇಳಿಯುತ್ತದೆ, ಅಲ್ಲಿಂದ ಮುಂದೆ ದುಡ್ಡು ಅವರ ಸಂಕಟವನ್ನು ಮುಟ್ಟುವುದಿಲ್ಲ. ನೀವು ಈ ಗುಂಪಿನವರೋ ಅಲ್ಲವೋ ಎನ್ನುವುದು ಮುಖ್ಯ. ಅದಕ್ಕೆ ಕೆಳಗೆ ಬರುತ್ತೇನೆ.

ಈ ಅಧ್ಯಯನಗಳೆಲ್ಲ ಒಪ್ಪುವ ಇನ್ನೊಂದು ಮಾತಿದೆ. ಇಲ್ಲಿನ ಲೆಕ್ಕ ಕೂಡಿಕೆಯದ್ದಲ್ಲ, ಗುಣಾಕಾರದ್ದು. 40 ಸಾವಿರ 80 ಆದಾಗ ಎಷ್ಟು ಹಿಗ್ಗೋ, 1.6 ಲಕ್ಷ 3.2 ಲಕ್ಷ ಆದಾಗ ಅಷ್ಟೇ ಹಿಗ್ಗು. ನಿಮಗೆ ಬಂದಿರುವ ಆಫರ್ 1.375 ಪಟ್ಟು. ಈ ಅಳತೆಯಲ್ಲಿ ಅದು ಒಂದು ಇಮ್ಮಡಿಯ ಅರ್ಧಕ್ಕೂ ಕಮ್ಮಿ.

ಆ ಅರ್ಧಕ್ಕೆ ಏನು ತೆರುತ್ತೀರಿ? ಈಗ ಕೆಲಸ 9 ಗಂಟೆ, ಓಡಾಟ ಒಂದೂವರೆ ಗಂಟೆ ಎಂದಿದ್ದೀರಿ. ತಿಂಗಳಿಗೆ 22 ದಿನಕ್ಕೆ 231 ಗಂಟೆ. ಹೊಸದರಲ್ಲಿ ಕೆಲಸ 10 ಗಂಟೆ, ಮನೆ ಬಾಗಿಲಿಂದ ಆಫೀಸಿನ ಬಾಗಿಲಿಗೆ ಹೋಗಿ ಬರಲು ಮೂರೂವರೆ ಗಂಟೆ ಹಿಡಿಯೋಣ, 297 ಗಂಟೆ. ಹೆಚ್ಚುವರಿ 66 ಗಂಟೆಗೆ ಹೆಚ್ಚುವರಿ 60,000. ಓಡಾಟಕ್ಕೂ ಹೊರಗಿನ ಊಟಕ್ಕೂ 8,000 ಕಳೆದರೆ ಗಂಟೆಗೆ ಸುಮಾರು 790 ರೂಪಾಯಿ. ಆ 66 ಗಂಟೆ ಎಲ್ಲಿಂದ ಬರುತ್ತವೆ ಎಂದು ಬರೆದು ನೋಡಿ. ಸಾಮಾನ್ಯವಾಗಿ ನಿದ್ದೆಯಿಂದ, ಮಗಳ ಸಂಜೆಯಿಂದ, ಹೆಂಡತಿಯ ಜೊತೆಗಿನ ಊಟದಿಂದ. ಜರ್ಮನಿಯ ಅಂಕಿಅಂಶ ಇಟ್ಟುಕೊಂಡು ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ತೋರಿಸಿದ್ದು ಇದನ್ನೇ: ದೂರ ಓಡಾಡುವವರಿಗೆ ಸಿಗುವ ಸಂಬಳ, ಮನೆಯ ಅನುಕೂಲಗಳು ಆ ಓಡಾಟ ಕಿತ್ತುಕೊಳ್ಳುವ ನೆಮ್ಮದಿಯನ್ನು ತುಂಬಿಕೊಡುವುದಿಲ್ಲ. ಕಾರು ಓಡಿಸಿಕೊಂಡು ಹೋಗುವುದಕ್ಕಿಂತ ನೇರಳೆ ಮಾರ್ಗದ ಮೆಟ್ರೋ ಎಷ್ಟೋ ವಾಸಿ, ಸೀಟು ಸಿಕ್ಕರೆ ಓದಬಹುದು. ಆದರೂ ಗಂಟೆ ಗಂಟೆಯೇ. ವಾರದಲ್ಲಿ ಮೂರು ದಿನ ಮನೆಯಿಂದ ಕೆಲಸ ಎಂದು ಆಫರ್ ಪತ್ರದಲ್ಲೇ ಬರೆದುಕೊಡುತ್ತಾರಾದರೆ ನನ್ನ ಅಭಿಪ್ರಾಯ ಬದಲಾಗುತ್ತದೆ. "ಆಮೇಲೆ ಅಡ್ಜಸ್ಟ್ ಮಾಡೋಣ" ಎನ್ನುವ ಬಾಯಿಮಾತಿಗೆ ಬೆಲೆ ಇಲ್ಲ.

ಈಗ ಎರಡನೆಯ ಭಾಗ. ನಮ್ಮ ಭಾಷೆಯಲ್ಲಿ 'ಅರ್ಥ' ಎಂದರೆ ಹಣವೂ ಹೌದು, ಹುರುಳೂ ಹೌದು. ಒಂದೇ ಪದ ಎರಡಕ್ಕೂ ಸಲ್ಲುತ್ತದೆ, ಆದರೆ ಬಾಳಿನಲ್ಲಿ ಎರಡೂ ಒಟ್ಟಿಗೆ ಏರುವುದಿಲ್ಲ. ಶಿಗೆಹಿರೊ ಓಇಶಿ ಮತ್ತು ಎಡ್ ಡೀನರ್ 2014ರಲ್ಲಿ 132 ದೇಶಗಳ ಸಮೀಕ್ಷೆ ಹೋಲಿಸಿದಾಗ, ಬದುಕಿನ ತೃಪ್ತಿ ಶ್ರೀಮಂತ ದೇಶಗಳಲ್ಲಿ ಹೆಚ್ಚು, "ನನ್ನ ಬಾಳಿಗೆ ಅರ್ಥವಿದೆ" ಎನ್ನುವವರ ಪಾಲು ಬಡ ದೇಶಗಳಲ್ಲಿ ಹೆಚ್ಚು ಎಂದು ಕಂಡಿತು. ದೇವರು-ಧರ್ಮದ ಹಿಡಿತ ಅದಕ್ಕೆ ದೊಡ್ಡ ಕಾರಣ ಎಂದು ಅವರ ವಿವರಣೆ. ಬಡತನ ಒಳ್ಳೆಯದು ಎಂದು ಇದರರ್ಥವಲ್ಲ. ಹುರುಳಿನ ಬೇರು ಸಂಬಳದ ಚೀಟಿಯಲ್ಲಿಲ್ಲ, ಅಷ್ಟೆ. ಹಾಗಾಗಿ ಸಂಬಳ ಏರಿಸಿಕೊಂಡರೂ ಅದು ಬರುವುದಿಲ್ಲ, ಸಂಬಳ ಬಿಟ್ಟ ಮಾತ್ರಕ್ಕೂ ಬರುವುದಿಲ್ಲ. ಎರಡನೆಯದನ್ನು ಜನ ಮರೆಯುತ್ತಾರೆ.

ತೋಟದ ಲೆಕ್ಕ ಹಾಕೋಣ. ಎಕರೆಗೆ 60 ಮರ, ಒಟ್ಟು 180. ಮರಕ್ಕೆ ವರ್ಷಕ್ಕೆ 70 ಕಾಯಿ ಎಂದರೆ 12,600 ಕಾಯಿ. ಕಾಯಿಗೆ 20 ರೂಪಾಯಿ ಸಿಕ್ಕಿತು ಎನ್ನಿ, 2.52 ಲಕ್ಷ. ಕೀಳುವ ಕೂಲಿ, ಸುಲಿಯುವ ಕೂಲಿ, ಗೊಬ್ಬರ, ಬೋರ್‌ವೆಲ್ ರಿಪೇರಿ ಇದರಲ್ಲೇ ಹೋಗಬೇಕು. ನಿಮ್ಮ ಎರಡು ತಿಂಗಳ ಸಂಬಳಕ್ಕಿಂತ ಕಮ್ಮಿ. ಉಂಡೆ ಕೊಬ್ಬರಿ ಮಾಡಿದರೆ ಬೆಲೆ ಚೆನ್ನಾಗಿ ಬರಬಹುದು, ಆದರೆ ಕಾಯಿ ಹತ್ತು-ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂರಬೇಕು, ಅಷ್ಟು ದಿನ ಕೈಗೆ ಕಾಸಿಲ್ಲ. ನುಸಿ ಪೀಡೆ ಬಂದರೆ ಕಾಯಿ ಸಣ್ಣದಾಗುತ್ತದೆ, ಕಪ್ಪುತಲೆ ಹುಳು ಬಿದ್ದರೆ ಗರಿ ಒಣಗುತ್ತದೆ.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ತಮಿಳುನಾಡಿನ ವಿಲ್ಲುಪುರಂ, ತಿರುವಣ್ಣಾಮಲೈ ಜಿಲ್ಲೆಗಳ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮೊದಲು ಒಮ್ಮೆ, ಹಣ ಕೈಗೆ ಬಂದ ಮೇಲೆ ಒಮ್ಮೆ ಪರೀಕ್ಷಿಸಿದರು. ಅದೇ ರೈತ, ಅದೇ ಬುದ್ಧಿ. ಕಟಾವಿಗೆ ಮೊದಲಿನ ಮುಗ್ಗಟ್ಟಿನ ದಿನಗಳಲ್ಲಿ ಒಗಟು ಬಿಡಿಸುವ, ಗಮನ ಹಿಡಿಯುವ ಪರೀಕ್ಷೆಗಳಲ್ಲಿ ಅಂಕ ಇಳಿದಿತ್ತು. ಸಾಲದ ಕಂತು ಹೊತ್ತುಕೊಂಡು ಬೆಳೆಯ ಆದಾಯಕ್ಕೆ ಇಳಿದರೆ ನೀವು ಹೋಗಿ ನಿಲ್ಲುವುದು ಆ ಜಾಗದಲ್ಲಿ. ನೆಮ್ಮದಿ ಹುಡುಕಿಕೊಂಡು ಹೋದ ಮನಸ್ಸನ್ನು ಕಂತಿನ ಚಿಂತೆಯೇ ತುಂಬಿಕೊಳ್ಳುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಅಳೆಯಿರಿ. ಫೋನಿನಲ್ಲಿ ದಿನಕ್ಕೆ ಮೂರು ಅಲಾರಂ ಇಡಿ, ಹೊತ್ತು ದಿನದಿಂದ ದಿನಕ್ಕೆ ಬೇರೆ ಇರಲಿ. ಅಲಾರಂ ಆದಾಗ ನಾಲ್ಕು ಸಂಗತಿ ಬರೆಯಿರಿ: ಏನು ಮಾಡುತ್ತಿದ್ದೀರಿ, ಯಾರ ಜೊತೆ, ಮನಸ್ಸಿಗೆ ಹತ್ತಕ್ಕೆ ಎಷ್ಟು, ಈ ಕೆಲಸ ಮಾಡತಕ್ಕದ್ದು ಎನ್ನಿಸಿದ್ದಕ್ಕೆ ಹತ್ತಕ್ಕೆ ಎಷ್ಟು. ಹದಿನಾಲ್ಕು ದಿನಕ್ಕೆ 42 ಸಾಲು ಸಿಗುತ್ತವೆ. ಕೊನೆಯ ಎರಡು ಅಂಕ ಒಂದೇ ಅಲ್ಲ ಎಂಬುದು ಮೂರನೇ ದಿನಕ್ಕೇ ಗೊತ್ತಾಗುತ್ತದೆ. ಮಗಳಿಗೆ ಮಗ್ಗಿ ಕಲಿಸುವಾಗ ಮನಸ್ಸಿಗೆ 5 ಬರಬಹುದು, ಹುರುಳಿಗೆ 9. ರೀಲ್ಸ್ ನೋಡುವಾಗ 6 ಮತ್ತು 1. ರಾತ್ರಿ ಕೂತು ನೆನಪಿನಿಂದ ತುಂಬಿಸಬೇಡಿ, ದಿನದ ಕೊನೆಯ ಜಗಳವೋ ನಗುವೋ ಇಡೀ ದಿನಕ್ಕೆ ಬಣ್ಣ ಬಳಿದುಬಿಡುತ್ತದೆ. ರಜೆಯ ವಾರದಲ್ಲೂ ಬೇಡ.

ಎರಡೂ ಅಂಕ ಕಮ್ಮಿ ಇರುವ ಸಾಲುಗಳನ್ನು ದುಡ್ಡು ಕೊಟ್ಟು ಹೊರಗೆ ಹಾಕಿ. ಪಾತ್ರೆ, ಇಸ್ತ್ರಿ, ಕ್ಯೂ ನಿಲ್ಲುವ ಕೆಲಸ, ಏನೇ ಇರಲಿ. ಆದರೆ ಉಳಿದ ಗಂಟೆಗಳಿಗೆ ಮೊದಲೇ ಹೆಸರು ಬರೆದಿಡಿ, ಇಲ್ಲದಿದ್ದರೆ ಅವು ಲ್ಯಾಪ್‌ಟಾಪಿಗೆ ವಾಪಸು ಹೋಗುತ್ತವೆ.

ಹುರುಳಿನ ಅಂಕ ಹೆಚ್ಚಿರುವ ಸಾಲುಗಳಲ್ಲಿ ಸಾಮಾನ್ಯವಾಗಿ ಮೂರು ಗುಣ ಇರುತ್ತವೆ: ನೀವು ಹೋಗದಿದ್ದರೆ ಯಾರಿಗೋ ತೊಂದರೆಯಾಗುತ್ತದೆ, ಫಲ ಕಣ್ಣಿಗೆ ಕಾಣುತ್ತದೆ, ದಿನ ಹೋದಂತೆ ಕೈ ಪಳಗುತ್ತದೆ. ಈ ಮೂರೂ ಇರುವ ಒಂದೇ ಒಂದು ಕೆಲಸ ಆರಿಸಿ, ವಾರಕ್ಕೆ ಮೂರು ಗಂಟೆಯಂತೆ 12 ವಾರ ಮಾಡಿ. ಸರ್ಕಾರಿ ಶಾಲೆಯ ಏಳನೇ ತರಗತಿಗೆ ಶನಿವಾರ ಗಣಿತವಾದರೂ ಸರಿ, ತೋಟವಾದರೂ ಸರಿ. ಒಂದು ದಿನ ಹೋಗಿ ಗಿಡ ನೆಟ್ಟು ಫೋಟೋ ತೆಗೆಸಿಕೊಂಡು ಬರುವುದರಲ್ಲಿ ಮೂರರಲ್ಲಿ ಒಂದೂ ಇಲ್ಲ. ತಿಂಗಳಿಗೆ ತಾನಾಗಿ ಕಡಿತವಾಗುವ ದೇಣಿಗೆಯಿಂದ ಪಡೆದವರಿಗೆ ಉಪಕಾರವಾಗುತ್ತದೆ, ನಿಲ್ಲಿಸಬೇಡಿ, ಆದರೆ ಅದು ಈ ಹಸಿವನ್ನು ತಣಿಸುವುದಿಲ್ಲ. ತೋಟವನ್ನೇ ಆರಿಸಿದರೆ 12 ವಾರ ಸಾಲದು: ಹದಿನೈದು ದಿನಕ್ಕೊಮ್ಮೆ ಒಂದು ವರ್ಷ ಹೋಗಿ, ಕೂಲಿಯ ಲೆಕ್ಕ ನೀವೇ ಬರೆಯಿರಿ, ಬೇಸಿಗೆಯ ನೀರಿನ ಪರದಾಟವನ್ನೂ ನೋಡಿ. ಆಮೇಲೂ ಅಂಕ 8ರ ಮೇಲಿದ್ದರೆ ಆ ಆಸೆ ಗಟ್ಟಿಯಾದದ್ದು.

ಕೆಲಸ ಬಿಡುವ ಯೋಚನೆಗೆ ಮುನ್ನ ಎರಡು ಕೆಲಸ ಆಗಿರಲಿ. ಮನೆ ಖರ್ಚು, ಕಂತು ಸೇರಿ 12 ತಿಂಗಳಿಗಾಗುವ ಹಣ ಬ್ಯಾಂಕಿನಲ್ಲಿ ಬೇರೆಯಾಗಿ ಇರಬೇಕು. ಆರೋಗ್ಯ ವಿಮೆ ಕಂಪನಿಯದ್ದಲ್ಲದೆ ನಿಮ್ಮದೇ ಹೆಸರಿನಲ್ಲಿ ಇರಬೇಕು, ಏಕೆಂದರೆ ರಾಜೀನಾಮೆಯ ಜೊತೆ ಕಂಪನಿಯದು ಹೋಗುತ್ತದೆ. ಇದರ ಜೊತೆ, ಗಂಡ ಹೆಂಡತಿ ಕೂತು "ತಿಂಗಳಿಗೆ ಇಷ್ಟು ಸಾಕು" ಎಂಬ ಒಂದು ಸಂಖ್ಯೆ ಬರೆದಿಡಿ. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚಿಗೆ ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ವಾಪಸು ಸುರಿದು ಬರುವಂತೆ ಹೇಳಲು ಸಾಧ್ಯವಾದದ್ದು, ಆ ಮನೆಯಲ್ಲಿ ಅಳತೆ ಮೊದಲೇ ಇದ್ದದ್ದರಿಂದ.

ಮೇಲೆ ಬಿಟ್ಟುಬಂದ ಮಾತು ಒಂದಿದೆ. ಎರಡು ವಾರದ ಬರಹದಲ್ಲಿ ಮಗಳ ಜೊತೆ ಇರುವಾಗಲೂ, ಗೆಳೆಯರ ಜೊತೆ ಇರುವಾಗಲೂ ಮನಸ್ಸಿನ ಅಂಕ 2, 3ರಲ್ಲೇ ಇದ್ದು, ನಿದ್ದೆ ಹಸಿವು ಕೆಟ್ಟಿದ್ದರೆ, ಅದು ಸಂಬಳದ ಪ್ರಶ್ನೆಯೂ ಅಲ್ಲ, ತೋಟದ ಪ್ರಶ್ನೆಯೂ ಅಲ್ಲ. ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ.

ಆಫರ್ ಕೊಟ್ಟವರ ಹತ್ತಿರ ಉತ್ತರಕ್ಕೆ ಎರಡು ವಾರ ಕೇಳಿ. ಅಷ್ಟು ಸಮಯ ಕೇಳುವುದು ತಪ್ಪಲ್ಲ, ಮನೆಯಿಂದ ಕೆಲಸದ ದಿನಗಳ ಬಗ್ಗೆಯೂ ಅದೇ ಮೇಲ್‌ನಲ್ಲಿ ಬರೆಯಿರಿ. ಮೊದಲ ಅಲಾರಂ ನಾಳೆ ಬೆಳಗ್ಗೆಗೇ ಇಡಿ. 42 ಸಾಲು ತುಂಬಿದ ಮೇಲೆ ಇಲ್ಲಿಗೇ ಹಾಕಿ, ನೋಡಿ ಹೇಳುತ್ತೇನೆ.