ಟೀಸರ್‌ನಲ್ಲಿ ಕಥೆ ಬೇಡ, ಕರು ತೋರಿಸಿ

ಪ್ರಶ್ನೆ: ಸರ್, ನಾವು ಫ್ರೆಂಡ್ಸ್ ಸೇರ್ಕೊಂಡು ಅರ್ಧ ಗಂಟೆಯ ಟೂಡಿ ಆನಿಮೇಷನ್ ಸಿನಿಮಾ ಮಾಡ್ತಿದೀವಿ. ಕೆ.ಆರ್. ಮಾರ್ಕೆಟ್‌ನಲ್ಲಿ ಹೂವು ಮಾರೋ ಅಜ್ಜಿ, ಅವರ ಸುತ್ತಾನೇ ಸುಳಿದಾಡೋ ಒಂದು ಕರು. 90 ಸೆಕೆಂಡಿನ ಟೀಸರ್‌ಗೆ ಸ್ಟೋರಿಬೋರ್ಡ್ (ಒಂದೊಂದು ಶಾಟ್‌ನ ಸ್ಕೆಚ್) ಮಾಡಿದೀವಿ, ಅಜ್ಜಿಯ ಹಳೇ ಕಥೆ, ಅಂಗಡಿ ಎತ್ತಂಗಡಿ, ಹಬ್ಬದ ಸೀನು, ಎಲ್ಲಾ ವಾಯ್ಸ್ ಓವರ್‌ನಲ್ಲಿ ಬರತ್ತೆ. ನೋಡಿದೋರು ಚೆನ್ನಾಗಿದೆ ಅಂತಾರೆ, ಸಿನಿಮಾ ಯಾವಾಗ ಅಂತ ಮಾತ್ರ ಒಬ್ರೂ ಕೇಳಲ್ಲ. ಎಲ್ಲಿ ಎಡವಿದೀವಿ?
ಓದುಗರು, ರಾಜಾಜಿನಗರ

ಉತ್ತರ: ತುಂಬಾ ತುಂಬಿಸಿಬಿಟ್ಟಿದೀರ. ಕಥೆ ಹೇಳೋ ಕೆಲಸ ಟ್ರೈಲರ್‌ಗೆ ಬಿಡಿ, ಅದು ರಿಲೀಸ್ ಹತ್ರ ಬಂದಾಗ ಆಯ್ತು. ಟೀಸರ್ ನೋಡಿದೋರಿಗೆ ಒಂದು ಪಾತ್ರ ಇಷ್ಟ ಆಗ್ಬೇಕು, ಅದಕ್ಕೆ ಏನು ಬೇಕು ಅಂತ ಗೊತ್ತಾಗ್ಬೇಕು, ಅಷ್ಟಾದ್ರೆ ಸಾಕು.

2013ರ ಫ್ರೋಜನ್ ಸಿನಿಮಾದ ಮೊದಲ ಟೀಸರ್ ಹುಡುಕಿ ನೋಡಿ. ಅದು ಅಕ್ಕ ತಂಗಿ ಕಥೆ, ಆದ್ರೆ ಟೀಸರ್‌ನಲ್ಲಿ ಇಬ್ಬರೂ ಇಲ್ಲ. ಹಿಮದ ಬೊಂಬೆ ಓಲಾಫ್ ಹೂವು ಮೂಸಿ ಸೀನ್ತಾನೆ, ಮೂಗಿನ ಜಾಗದಲ್ಲಿದ್ದ ಕ್ಯಾರೆಟ್ ಹಾರಿ ಹೆಪ್ಪುಗಟ್ಟಿದ ಕೆರೆ ಮೇಲೆ ಬೀಳತ್ತೆ, ಆ ಕಡೆ ದಡದಲ್ಲಿ ಹಿಮಸಾರಂಗ ಸ್ವೆನ್ ಅದನ್ನ ನೋಡಿಬಿಡತ್ತೆ, ಅಲ್ಲಿಂದ ಇಬ್ಬರೂ ಜಾರ್ತಾ ಬೀಳ್ತಾ ಕ್ಯಾರೆಟ್ ಹಿಂದೆ ಹೋಗ್ತಾರೆ. ಮಾತೇ ಬೇಕಾಗಲ್ಲ. ಒಬ್ಬನಿಗೆ ಮೂಗು ಬೇಕು, ಇನ್ನೊಂದಕ್ಕೆ ತಿನ್ನೋಕೆ ಬೇಕು, ಮೂರು ವರ್ಷದ ಮಗೂಗೂ ಅರ್ಥ ಆಗತ್ತೆ.

ಇದರ ಹಿಂದೆ ಕೆಲಸದ ಲೆಕ್ಕಾನೂ ಇದೆ. ಆನಿಮೇಷನ್‌ನಲ್ಲಿ ಟೀಸರ್ ಬಿಡೋ ಹೊತ್ತಿಗೆ ಸುಮಾರು ಶಾಟ್‌ಗಳು ಇನ್ನೂ ಲೈಟಿಂಗ್, ರೆಂಡರ್ (ಕಂಪ್ಯೂಟರ್‌ನಲ್ಲಿ ಕೊನೆಯ ಚಿತ್ರ ತೆಗೆಯೋದು) ಆಗಿರಲ್ಲ, ಆಗಿರೋ ಚೂರುಪಾರು ಜೋಡಿಸೋದಕ್ಕಿಂತ ಟೀಸರ್‌ಗೆ ಅಂತಲೇ ಬೇರೆಯಾಗಿ ಒಂದು ಪುಟ್ಟ ಸೀನ್ ಮಾಡೋದು ಎಷ್ಟೋ ವಾಸಿ. 2004ರ ದಿ ಇನ್‌ಕ್ರೆಡಿಬಲ್ಸ್‌ಗೂ ಹಾಗೇ ಮಾಡಿದ್ರು, ಹೊಟ್ಟೆ ಬಂದಿರೋ ಹಳೇ ಸೂಪರ್ ಹೀರೋ ಬೆಲ್ಟ್ ಹಾಕ್ಕೊಳ್ಳೋಕೆ ಒದ್ದಾಡೋದು, ಅಷ್ಟೇ ಟೀಸರ್. ಓಪನಿಂಗ್ ಪೂರ್ತಿ ರೆಡಿ ಇದ್ದು ಅದು ಅಷ್ಟು ಗಟ್ಟಿ ಇದ್ರೆ ಅದನ್ನೇ ಬಿಡಬಹುದು, ದಿ ಲಯನ್ ಕಿಂಗ್‌ಗೆ 1993ರಲ್ಲಿ ಸಿನಿಮಾ ಶುರುವಾಗೋ ಸೂರ್ಯೋದಯದ ಹಾಡನ್ನೇ ಇಡೀ ತೋರಿಸಿದ್ರು.

ನಿಮ್ಮ ಲೆಕ್ಕ ನೋಡಿ. ಸೆಕೆಂಡಿಗೆ 24 ಫ್ರೇಮು, ಒಂದೊಂದು ಡ್ರಾಯಿಂಗ್ ಎರಡೆರಡು ಫ್ರೇಮ್ ನಿಲ್ಲಿಸಿದ್ರೂ 12 ಡ್ರಾಯಿಂಗ್, 90 ಸೆಕೆಂಡಿಗೆ ಒಂದು ಪಾತ್ರಕ್ಕೇ 1,080 ಆಯ್ತು. 40 ಸೆಕೆಂಡಿಗೆ ಇಳಿಸಿದ್ರೆ 480. ಉಳಿದ ಟೈಮಲ್ಲಿ ಕರುವಿನ ಕಿವಿ, ಕಣ್ಣು, ನಾಲಿಗೆ ಚೆನ್ನಾಗಿ ಆನಿಮೇಟ್ ಮಾಡಿ.

ನಾನಾಗಿದ್ರೆ ಹೀಗೆ ಮಾಡ್ತೀನಿ: ಅಜ್ಜಿ ಗಿರಾಕಿಗೆ ಸೇವಂತಿಗೆ ಮೊಳ ಹಾಕ್ತಿದಾರೆ, ಒಂದು, ಎರಡು, ಮೂರು, ಆ ಕಡೆ ತುದಿಯಿಂದ ಕರು ನಿಧಾನಕ್ಕೆ ತಿಂತಾ ಬರ್ತಿದೆ. ಅಜ್ಜಿ ತಿರುಗಿದ ತಕ್ಷಣ ಅದು ಎತ್ತಲೋ ನೋಡತ್ತೆ, ಬಾಯಲ್ಲಿ ಒಂದು ಎಸಳು ನೇತಾಡ್ತಿರತ್ತೆ. ಅಲ್ಲೊಂದು ಸೆಕೆಂಡ್ ಹಾಗೇ ನಿಲ್ಲಿಸಿ, ಮ್ಯೂಸಿಕ್ಕೂ ನಿಲ್ಲಲಿ, ಆಮೇಲೆ ಟೈಟಲ್. ನಗು ಬರೋದು ಆ ನಿಲ್ಲಿಸೋದರಲ್ಲೇ, ಎಡಿಟಿಂಗ್‌ನಲ್ಲಿ ಅವಸರ ಪಟ್ಟು ಅದನ್ನ ಕತ್ತರಿಸಬೇಡಿ.

ಪ್ರಶ್ನೆ: ಸಿನಿಮಾದಲ್ಲಿ ಇಲ್ಲದ ಸೀನ್ ಟೀಸರ್‌ನಲ್ಲಿ ತೋರಿಸೋದು ಮೋಸ ಅಲ್ವಾ?
ಓದುಗರು, ಬನಶಂಕರಿ

ಉತ್ತರ: ಸೀನ್ ಇಲ್ಲದಿದ್ರೆ ಮೋಸ ಅಲ್ಲ, ಆ ಸ್ವಭಾವ ಸಿನಿಮಾದಲ್ಲಿ ಇಲ್ಲದಿದ್ರೆ ಮೋಸ. ಫ್ರೋಜನ್ ಟೀಸರ್ ನೋಡಿ ಇದು ಬರೀ ಹಿಮದ ಬೊಂಬೆ ಕಾಮಿಡಿ ಅನ್ಕೊಂಡೋರು ಇದ್ರು, ಆ ತಕರಾರು ನ್ಯಾಯಾನೇ. ಅಜ್ಜಿ ಸಿನಿಮಾದಲ್ಲಿ ದುಃಖ ಜಾಸ್ತಿ ಇದ್ರೆ, ಕೊನೆಗೆ ಅಜ್ಜಿ ಕರುವನ್ನ ಬೈಯದೇ ಸುಮ್ನೆ ನೋಡೋ ಒಂದು ಶಾಟ್ ಸೇರಿಸಿ, ಧಾಟಿ ಗೊತ್ತಾಗತ್ತೆ.

ಪ್ರಶ್ನೆ: ಟೀಸರ್‌ಗೆ ಫೇಮಸ್ ಹಾಡಿನ ಬಿಜಿಎಂ (ಹಿನ್ನೆಲೆ ಸಂಗೀತ) ಹಾಕಬಹುದಾ?
ಓದುಗರು, ಯಲಹಂಕ

ಉತ್ತರ: ಬೇಡ. ಯೂಟ್ಯೂಬ್‌ನಲ್ಲಿ ಕಾಪಿರೈಟ್ ಕ್ಲೇಮ್ ಬರತ್ತೆ, ವಿಡಿಯೋ ಬ್ಲಾಕೂ ಆಗಬಹುದು. ಮೆಟ್ರೋದಲ್ಲಿ ನೋಡೋರು ಎಷ್ಟೋ ಜನ ಸೌಂಡ್ ಆಫ್ ಮಾಡಿಯೇ ನೋಡೋದು, ಹಾಗಾಗಿ ಮೊದಲು ಮ್ಯೂಟ್ ಮಾಡಿ ಪಕ್ಕದ ಮನೆ ಮಕ್ಕಳಿಗೆ ತೋರಿಸಿ, ಕರುಗೆ ಏನು ಬೇಕಿತ್ತು ಅಂತ ಕೇಳಿ, ಹೇಳಿದ್ರೆ ಆಮೇಲೆ ಸೌಂಡ್ ಕೆಲಸಕ್ಕೆ ಕೂತ್ಕೊಳ್ಳಿ.