ಓದುಗರ ಪ್ರಶ್ನೆ, ನಮ್ಮ ಉತ್ತರ: ಕಲ್ಲಿನ ಮೇಲೆ ಹೆಸರಿದ್ದ ಆ ಹುಡುಗ ಯಾರು?

ಪ್ರಶ್ನೆ: ನನ್ನ ಮಗ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಎಂಎಸ್ ಮಾಡ್ತಿದ್ದಾನೆ. ಅವನ ರೂಮಿನ ಹತ್ರ ಹಳೇ ಸಿಮೆಟ್ರಿ ಒಂದು ಉಂಟಂತೆ, ಅಲ್ಲಿಂದ ಒಂದು ಸಮಾಧಿ ಕಲ್ಲಿನ ಫೋಟೋ ವಾಟ್ಸಾಪಲ್ಲಿ ಕಳ್ಸಿದ್ದ. ಸಿವಿಲ್ ವಾರಿನ (ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ಮಧ್ಯೆ 1861ರಿಂದ 1865ರ ತನಕ ನಡೆದ ಯುದ್ಧ) ಸಿಪಾಯಿ, ಹೆಸರು, ಕಂಪನಿ, ರೆಜಿಮೆಂಟು, 1864, ವಯಸ್ಸು 19, ಅಷ್ಟೇ ಕೆತ್ತಿದ್ದಾರೆ. ನೋಡಿದ ಮೇಲೆ ಮನಸ್ಸಿಂದ ಹೋಗ್ತಾನೇ ಇಲ್ಲ. ಈ ಹುಡುಗ ಎಲ್ಲಿ ಹೋರಾಡಿದ, ಹೇಗೆ ಸತ್ತ ಅಂತ ಈಗ ತಿಳ್ಕೊಳ್ಳಲಿಕ್ಕೆ ಆಗ್ತದಾ?
— ಗೃಹಿಣಿ, ಕುಂಜಿಬೆಟ್ಟು, ಉಡುಪಿ

ಉತ್ತರ: ಆಗ್ತದೆ ಅಮ್ಮ, ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿನೇ ಸಿಗಬಹುದು. ರೆಜಿಮೆಂಟು ಅಂದ್ರೆ ಸೈನ್ಯದ ಒಂದು ಪಡೆ, ಅದಕ್ಕೆ ನಂಬರು; ಕಂಪನಿ ಅಂದ್ರೆ ಅದರೊಳಗಿನ ತುಕಡಿ, ಅದಕ್ಕೆ ಎ, ಬಿ ಅಂತ ಅಕ್ಷರ. ಹೆಸರಿಗಿಂತ ಕಂಪನಿಯ ಅಕ್ಷರ, ರೆಜಿಮೆಂಟಿನ ನಂಬರು ಮುಖ್ಯ, ಯಾಕಂದ್ರೆ ಒಂದೇ ಹೆಸರಿನವರು ಎಷ್ಟೋ ಜನ ಇರ್ತಾರೆ. ಅಲ್ಲಿನ ನ್ಯಾಷನಲ್ ಪಾರ್ಕ್ ಸರ್ವೀಸಿನ ವೆಬ್‌ಸೈಟಲ್ಲಿ ಸಿಪಾಯಿಗಳ ಹೆಸರನ್ನ ಫ್ರೀಯಾಗಿ ಹುಡುಕಬಹುದು, ಆ ರೆಜಿಮೆಂಟು ಎಲ್ಲೆಲ್ಲಿ ಹೋರಾಡಿತು ಅಂತಲೂ ಅಲ್ಲೇ ಉಂಟು. ಅಸಲು ದಾಖಲೆ ಇರೋದು ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸಲ್ಲಿ, ಫೀಸು ಕಟ್ಟಿ ಕಾಪಿ ತರಿಸ್ಕೊಳ್ಳಬಹುದು.

ಸಂಬಳದ ಲೆಕ್ಕಕ್ಕೆ ಅಂತ ಎರಡೆರಡು ತಿಂಗಳಿಗೆ ರೆಜಿಮೆಂಟಲ್ಲಿ ಹಾಜರಿ ತೆಗೀತಿದ್ರು. ಯುದ್ಧ ಮುಗಿದು ಎಷ್ಟೋ ವರ್ಷ ಆದ ಮೇಲೆ ಆ ಹಾಜರಿಯನ್ನೆಲ್ಲ ಒಬ್ಬೊಬ್ಬರ ಹೆಸರಲ್ಲಿ ಸಣ್ಣ ಸಣ್ಣ ಕಾರ್ಡಿಗೆ ಇಳಿಸಿದ್ದಾರೆ. ಒಂದರಲ್ಲಿ ಹಾಜರು, ಮುಂದಿನದ್ರಲ್ಲೂ ಹಾಜರು, ಆಮೇಲೆ ಗೈರುಹಾಜರು, ಕಾಯಿಲೆ, ಆಸ್ಪತ್ರೆಯಲ್ಲಿದ್ದಾನೆ, ಆಮೇಲೆ ಸತ್ತ, ಕಾರಣ ಇಂಥದ್ದು. ಕೆಲವರ ಫೈಲಲ್ಲಿ ಸತ್ತಾಗ ಹತ್ರ ಇದ್ದ ಸಾಮಾನಿನ ಪಟ್ಟಿಯೂ ಇರ್ತದೆ, ಒಂದು ಕೋಟು, ಒಂದು ಕಂಬಳಿ, ಒಂದು ಜೊತೆ ಬೂಟು, ಹೀಗೆ. ಓದ್ಲಿಕ್ಕೆ ಕಷ್ಟ ಆಗ್ತದೆ, ಮೊದಲೇ ಹೇಳ್ತೇನೆ.

ಗುಂಡು ತಾಗಿಯೇ ಸತ್ತ ಅಂತ ಮಾತ್ರ ಈಗಲೇ ತೀರ್ಮಾನ ಮಾಡಬೇಡಿ. ಆ ಯುದ್ಧದಲ್ಲಿ ಸತ್ತವರು ಹಳೇ ಲೆಕ್ಕದಲ್ಲಿ ಸುಮಾರು 6,20,000, ಈಚಿನ ಅಂದಾಜುಗಳಲ್ಲಿ ಏಳರಿಂದ ಏಳೂವರೆ ಲಕ್ಷ, ಅದ್ರಲ್ಲಿ ಮೂರರಲ್ಲಿ ಎರಡು ಪಾಲು ಕಾಯಿಲೆಯಿಂದ. ಭೇದಿ, ಟೈಫಾಯಿಡ್, ನ್ಯುಮೋನಿಯಾ. ಹಳ್ಳಿಯಲ್ಲಿ ಬೆಳೆದ ಹುಡುಗರಿಗೆ ಮೊದಲು ದಡಾರ ಬಂದಿರ್ಲಿಲ್ಲ, ಕ್ಯಾಂಪಿಗೆ ಹೋಗಿ ಸಾವಿರ ಜನರ ಮಧ್ಯೆ ಮಲಗಿದ್ದೇ ತಡ, ಹಿಡ್ಕೊಳ್ತಿತ್ತು. ವಯಸ್ಸೂ ನಂಬುವ ಹಾಗಿಲ್ಲ, ರೂಲ್ಸ್ ಪ್ರಕಾರ 18 ಆಗಬೇಕು ಅಂತ ಎಷ್ಟೋ ಹುಡುಗರು ಸುಳ್ಳು ಹೇಳಿ ಸೇರಿದ್ರು, 1860ರ ಜನಗಣತಿಯಲ್ಲಿ ಆ ಮನೆಯವರ ವಯಸ್ಸು ನೋಡಿದ್ರೆ ಸರಿ ಗೊತ್ತಾಗ್ತದೆ.

1864 ಅಂದ್ರೆ ತುಂಬಾ ಕೆಟ್ಟ ವರ್ಷ. ಮೇ, ಜೂನಲ್ಲಿ ವರ್ಜೀನಿಯಾದಲ್ಲಿ ಉತ್ತರದ ಸೇನಾಪತಿ ಗ್ರಾಂಟ್ ಮತ್ತು ದಕ್ಷಿಣದ ಸೇನಾಪತಿ ಲೀ ಸೈನ್ಯದ ಮಧ್ಯೆ ಎಡೆಬಿಡದೆ ಕಾಳಗ. ಆಗ ಸಿಪಾಯಿಗಳಿಗೆ ಸರ್ಕಾರ ಗುರುತಿನ ಬಿಲ್ಲೆ ಕೊಡ್ತಿರ್ಲಿಲ್ಲ. ಅಲ್ಲಿನ ಕೋಲ್ಡ್ ಹಾರ್ಬರ್ ಅನ್ನುವ ಜಾಗದ ದಾಳಿಗೆ ಮೊದಲು ಹುಡುಗರು ಹೆಸರು ವಿಳಾಸ ಬರೆದ ಚೀಟಿಯನ್ನ ತಮ್ಮ ಕೋಟಿನ ಬೆನ್ನಿಗೆ ತಾವೇ ಸಿಕ್ಕಿಸ್ಕೊಂಡ್ರು ಅಂತ ಗ್ರಾಂಟ್ ಜೊತೆ ಇದ್ದ ಅಧಿಕಾರಿ ಹೊರೇಸ್ ಪೋರ್ಟರ್ ಬರೆದಿದ್ದಾರೆ. ಇನ್ನು ದಕ್ಷಿಣದವರು ಉತ್ತರದ ಸಿಪಾಯಿಗಳನ್ನ ಕೂಡಿಟ್ಟಿದ್ದ ಜಾರ್ಜಿಯಾದ ಆಂಡರ್ಸನ್‌ವಿಲ್ ಜೈಲು. ಅಲ್ಲಿ ಸುಮಾರು 45,000 ಕೈದಿಗಳಲ್ಲಿ 13,000ದಷ್ಟು ಜನ ಸತ್ತರು. ಅವರ ಹೆಸರನ್ನ ಕದ್ದುಮುಚ್ಚಿ ನಕಲು ಮಾಡಿ ಇಟ್ಟವನು ಡೊರೆನ್ಸ್ ಆಟ್ವಾಟರ್, ಅವನೂ ಕೈದಿ, ಅವನಿಗೂ ಆಗ 19 ವರ್ಷ. ಮರುವರ್ಷ, ಗಾಯಾಳು ಸಿಪಾಯಿಗಳ ಆರೈಕೆ ಮಾಡಿದ್ದ ಕ್ಲಾರಾ ಬಾರ್ಟನ್ ಜೊತೆ ಅಲ್ಲಿಗೆ ಹೋಗಿ ಆ ಪಟ್ಟಿ ಹಿಡ್ಕೊಂಡೇ ಗೋರಿಗಳಿಗೆ ಹೆಸರು ಹಾಕಿದ್ದು. ಹಾಗಾಗಿ ನಿಮ್ಮ ಮಗ ನೋಡಿದ ಕಲ್ಲಿನ ಅಡಿ ಹುಡುಗ ಇಲ್ಲದೆಯೂ ಇರಬಹುದು, ಊರಿಂದ ದೂರ ಸತ್ತ ಮಗನಿಗೆ ಅಪ್ಪ ಅಮ್ಮ ಊರಲ್ಲಿ ಬರೀ ಕಲ್ಲು ಹಾಕಿಸಿದ್ದೂ ಉಂಟು, ಹೆಣ ತರಿಸೋದು ದುಡ್ಡಿದ್ದವರಿಗೆ ಮಾತ್ರ ಸಾಧ್ಯ ಇತ್ತು.

ನನ್ನ ಕೇಳಿದ್ರೆ ಎಲ್ಲಕ್ಕಿಂತ ಮೊದಲು ಹುಡುಕಬೇಕಾದ್ದು ತಾಯಿಯ ಪಿಂಚಣಿ ಫೈಲು. 1862ರ ಕಾನೂನಿನ ಪ್ರಕಾರ, ಹೆಂಡತಿ ಮಕ್ಕಳಿಲ್ಲದ ಸಿಪಾಯಿ ಸತ್ರೆ, ಅವನ ದುಡಿಮೆ ನಂಬಿದ್ದ ತಾಯಿಗೆ ತಿಂಗಳಿಗೆ 8 ಡಾಲರ್ ಸಿಗ್ತಿತ್ತು. ಆದ್ರೆ ನಂಬಿದ್ದೆ ಅಂತ ಅವಳೇ ಸಾಬೀತು ಮಾಡಬೇಕು. ನಮ್ಮಲ್ಲಿ ವಿಧವಾ ವೇತನಕ್ಕೆ ಕಾಗದ ಹಿಡ್ಕೊಂಡು ತಾಲೂಕು ಆಫೀಸಿಗೆ ಅಲೆಯುವ ಹಾಗೇ ಅಕ್ಕಪಕ್ಕದವರ, ಅಂಗಡಿಯವರ ಸಾಕ್ಷಿ ಹೇಳಿಕೆ ತರಬೇಕಿತ್ತು. ಬೇರೆ ಪುರಾವೆ ಇಲ್ಲದ ತಾಯಂದಿರು ಮಗ ಬರೆದ ಕಾಗದಗಳನ್ನೇ ಕೊಟ್ಟುಬಿಟ್ರು, ತಿಂಗಳಿಗೆ 13 ಡಾಲರ್ ಸಂಬಳದಲ್ಲಿ ಇಷ್ಟು ಮನೆಗೆ ಕಳ್ಸಿದ್ದೇನೆ ಅಂತ ಅದ್ರಲ್ಲಿ ಬರೆದಿರ್ತಿದ್ದ ಕಾರಣಕ್ಕೆ. ಆ ಕಾಗದಗಳು ಇವತ್ತಿಗೂ ಸರ್ಕಾರಿ ಫೈಲಲ್ಲೇ ಉಂಟು. ಮಗನ ಕೈಬರಹವನ್ನೇ ಒಪ್ಪಿಸಬೇಕಾಗಿ ಬಂದ ತಾಯಿಯನ್ನ ನೆನೆಸಿದ್ರೆ ನನಗೆ ತಡ್ಕೊಳ್ಳಲಿಕ್ಕೆ ಆಗೋದಿಲ್ಲ.

ಹಾಗಾಗಿ ಮಗನಿಗೆ ಹೇಳಿ, ಇನ್ನೊಮ್ಮೆ ಹೋಗಿ ಅಕ್ಕಪಕ್ಕದ ಕಲ್ಲುಗಳನ್ನೂ ನೋಡ್ಲಿ. ಆ ಹುಡುಗನ ಅಮ್ಮನ ಹೆಸರು ಸಿಕ್ಕಿದ್ರೆ ಪಿಂಚಣಿ ಸೂಚಿಯಲ್ಲಿ ಇದೇ ಹುಡುಗನಾ ಅಂತ ಖಾತ್ರಿ ಮಾಡ್ಕೊಳ್ಳೋದು ಸುಲಭ.

ಪ್ರಶ್ನೆ: ಆ ಯುದ್ಧದಲ್ಲಿ ಚಿಕ್ಕ ಮಕ್ಕಳೂ ಸತ್ತಿದ್ದಾರಂತೆ, ಹೌದಾ?
— ಪಿಯುಸಿ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಹೌದು. ಗದ್ದಲದ ಮಧ್ಯೆ ಅಪ್ಪಣೆ ಮುಟ್ಟಿಸ್ಲಿಕ್ಕೆ ಡ್ರಮ್ಮು ಬೇಕಿತ್ತು, ಅದನ್ನ ಬಾರಿಸ್ಲಿಕ್ಕೆ ಹುಡುಗರನ್ನ ತಗೊಳ್ತಿದ್ರು. ಪೆನ್ಸಿಲ್ವೇನಿಯಾದ 49ನೇ ರೆಜಿಮೆಂಟಿನ ಚಾರ್ಲ್ಸ್ ಕಿಂಗ್ 1862ರ ಸೆಪ್ಟೆಂಬರ್ 17ಕ್ಕೆ ಆಂಟಿಟಮ್ ಕಾಳಗದಲ್ಲಿ ಗಾಯಗೊಂಡು ಮೂರು ದಿನಕ್ಕೆ ಸತ್ತ. 13 ವರ್ಷ. ಹೈಸ್ಕೂಲ್ ಮೆಟ್ಟಿಲು ಹತ್ತುವ ಪ್ರಾಯ ಅದು.

ಪ್ರಶ್ನೆ: ಆ ಯುದ್ಧಕ್ಕೂ ನಮ್ಮ ಕರಾವಳಿಗೂ ಎಂತ ಸಂಬಂಧ?
— ಓದುಗರು, ಬಂದರು, ಮಂಗಳೂರು

ಉತ್ತರ: ಉಂಟು ಮಾರಾಯ್ರೆ. ಅಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರ ಬೆವರಲ್ಲಿ ಹತ್ತಿ ಬೆಳೀತಿತ್ತು, 40 ಲಕ್ಷದ ಹತ್ರ ಜನ ಗುಲಾಮರಾಗಿದ್ರು, ಜಗಳದ ಮೂಲವೇ ಅದು. 1861ರಲ್ಲಿ ಉತ್ತರದವರು ಆ ಬಂದರುಗಳಿಗೆ ದಿಗ್ಬಂಧನ ಹಾಕಿದ ಮೇಲೆ ಇಂಗ್ಲೆಂಡಿನ ಮಿಲ್ಲುಗಳಿಗೆ ಹತ್ತಿ ಇಲ್ಲ. ಅವರ ಕಣ್ಣು ಧಾರವಾಡದ ಹತ್ತಿಯ ಮೇಲೆ, ಅದನ್ನ ಸಾಗಿಸ್ಲಿಕ್ಕೆ ಕಾರವಾರದ ಮೇಲೆ ಬಿತ್ತು. 1862ರಲ್ಲಿ ಉತ್ತರ ಕನ್ನಡವನ್ನ ಮದ್ರಾಸಿಂದ ತೆಗೆದು ಬೊಂಬಾಯಿಗೆ ಸೇರಿಸಿದ್ದಕ್ಕೆ ಇದೂ ದೊಡ್ಡ ಕಾರಣ. ಮಂಗಳೂರು, ಉಡುಪಿ ಮದ್ರಾಸಲ್ಲೇ ಉಳೀತು, ಮತ್ತೆ ಎರಡೂ ಒಂದೇ ರಾಜ್ಯಕ್ಕೆ ಬಂದದ್ದು 1956ರಲ್ಲಿ.